ಹತ್ತಿಂಚು ಹಲಗೆಯೂ ಜಾರುವ ಗರಗಸವೂ

ಗರಗಸವೆಂಬುದು ಸಂಸ್ಕೃತದ ಕ್ರಕಚದ ತದ್ಭವವೆಂದು ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ 31 ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ವ್ಯಾಕರಣದ ಆ ಉದಾಹರಣೆಯಿಂದಾಚೆಗೆ ಗರಗಸದ ಹಲ್ಲುಗಳನ್ನು ಎಣಿಸುವ, ಅವುಗಳ ಓರೆಯನ್ನು ವಿಚಾರಿಸುವ ಪ್ರಸಂಗ ಒದಗಿದ್ದು ನಿವೃತ್ತಿಯ ಅನಂತರ. ಸ್ಮರಣ ಸಂಚಿಕೆಗೊಂದು ಲೇಖನ ಬೇಕೆಂದು ಸಂಘದವರು ಕೇಳಿದಾಗ ಗೋವಿಂದ ಪೈಗಳ ಕುರಿತೋ ಕಯ್ಯಾರರ ಕುರಿತೋ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಸಂಘದಲ್ಲಿದ್ದಾರೆ. ನಾನು ಬರೆಯಹೊರಟಿರುವುದು ಸ್ಲೈಡಿಂಗ್ ಮೈಟರ್ ಸಾ ಎಂಬ ಯಂತ್ರವೊಂದನ್ನು ಕೈಗೆಟಕುವ ಬೆಲೆಗೆ ಹುಡುಕಿ ಕೊಂಡ ವೃತ್ತಾಂತ. ಕನ್ನಡ ಪುಸ್ತಕಗಳಿಗೂ ಅದಕ್ಕೂ ಇರುವ ನಂಟು ಮುಂದೆ ತಿಳಿದೀತು.

ನಮ್ಮೂರಿನ ವಾಚನಾಲಯವು ಬಹುಕಾಲ ಪೇಟೆಯ ಬಾಡಿಗೆ ಕೋಣೆಯೊಂದರಲ್ಲಿತ್ತು. ಕಟ್ಟಡವನ್ನು ಕೆಡವಿ ಹೊಸತು ಕಟ್ಟುವುದೆಂದು ಒಡೆಯರು ನಿಶ್ಚಯಿಸಿದಾಗ, ಬೇರೆ ಜಾಗ ದೊರೆಯುವವರೆಗೆಂದು, ಅಲ್ಲಿದ್ದ ಸುಮಾರು 1,400 ಪುಸ್ತಕಗಳು ಅಡಿಕೆ ತುಂಬುವ ಗೋಣಿಗಳಲ್ಲಿ ನಮ್ಮ ಮನೆಯ ಚಾವಡಿಗೆ ಬಂದಿಳಿದವು. ಬೇರೆ ಜಾಗ ದೊರೆಯಲಿಲ್ಲ. ಮಕರ ಕಳೆದು ಕುಂಭ ಬಂದಾಗ ಒಂದು ಗೋಣಿಯ ಅಡಿಯಲ್ಲಿ ಒರಲೆಯ ಮಣ್ಣಿನ ಗೆರೆ ಕಾಣಿಸಿತು. ಬಿಚ್ಚಿ ನೋಡಿದರೆ ಮಕ್ಕಳ ಕಥೆಗಳ ಏಳೆಂಟು ಪುಸ್ತಕಗಳ ರಟ್ಟು ಮಾತ್ರ ಉಳಿದು, ಒಳಗಿನದೆಲ್ಲ ಮಣ್ಣಾಗಿತ್ತು. ಈ ಸಂಗ್ರಹದ ಎಷ್ಟೋ ಪುಸ್ತಕಗಳು ಇಂದು ಯಾವ ಅಂಗಡಿಯಲ್ಲೂ ಸಿಗುವವಲ್ಲ. ಕೆಲವಕ್ಕೆ ಊರಿನ ಹಿರಿಯರು ದಾನವಿತ್ತಾಗಿನ ಹಸ್ತಾಕ್ಷರಗಳಿವೆ. ಮಿಥುನದ ಮಳೆ ಹಿಡಿಯುವ ಮುನ್ನ ಅವು ನೆಲ ಬಿಟ್ಟು ಮೇಲೇರದಿದ್ದರೆ ನಮ್ಮ ಚಾವಡಿಯಲ್ಲೇ ಅವುಗಳ ಅಂತ್ಯ ಎಂಬುದು ಸ್ಪಷ್ಟವಾಗಿತ್ತು.

ಉಕ್ಕಿನ ಕಪಾಟುಗಳನ್ನು ತರಬಹುದಿತ್ತು. ಆದರೆ ಕಡಲ ಉಪ್ಪುಗಾಳಿಗೆ ಅವು ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು ಪುಸ್ತಕಗಳ ಅಂಚಿಗೆ ಕೆಂಪು ಬಳಿಯುವುದನ್ನು ಶಾಲೆಯಲ್ಲೇ ಕಂಡಿದ್ದೆ. ಮನೆಯಲ್ಲಿ ಮರವಿತ್ತು. ಹಳೆಯ ಹೆಂಚಿನ ಮನೆಯನ್ನು ಬಿಚ್ಚಿದಾಗ ಉಳಿದಿದ್ದ ಅಟ್ಟದ ಹಲಸಿನ ಹಲಗೆಗಳು ಕೊಟ್ಟಿಗೆಯ ಮಾಡಿನಡಿಯಲ್ಲಿ 15 ವರ್ಷಗಳಿಂದ ಅಡ್ಡಬಿದ್ದಿದ್ದವು. ಹಲಸಿನ ತಿರುಳಿಗೆ ಒರಲೆ ಸುಲಭದಲ್ಲಿ ಹತ್ತುವುದಿಲ್ಲ. ಇಲ್ಲದಿದ್ದುದು ಕೊಯ್ಯುವ ಕೈ. ಆ ಅಟ್ಟವನ್ನು ಯೌವನದಲ್ಲಿ ಕಟ್ಟಿದ್ದ ಆಚಾರಿಯವರಿಗೆ ಈಗ 76 ದಾಟಿದೆ, ಬಲಗೈ ನಡುಗುತ್ತದೆ. ಮಗ ಗಲ್ಫಿನಲ್ಲಿ ಅಲ್ಯೂಮಿನಿಯಂ ಕಿಟಕಿಗಳನ್ನು ಕೂಡಿಸುವ ಕೆಲಸದಲ್ಲಿದ್ದಾನೆ. ಪೇಟೆಯ ಹುಡುಗರು ಪ್ಲೈವುಡ್ ಮಾತ್ರ ಮುಟ್ಟುವವರು. ಮೊಳೆ ಹೊಡೆದ ಹಳೆಯ ಹಲಗೆಯೆಂದರೆ ದೂರದಿಂದಲೇ ಕೈಮುಗಿಯುತ್ತಾರೆ.

"ಅಳತೆ ನಾನು ಹಾಕಿ ಕೊಡುತ್ತೇನೆ ಟೀಚರೇ, ಜೋಡಣೆಗೂ ಕುಳಿತುಕೊಳ್ಳುತ್ತೇನೆ. ಕೊಯ್ಯುವುದೊಂದು ಇನ್ನು ನನ್ನಿಂದಾಗದು" ಎಂದರು ಆಚಾರಿಯವರು. ಕೊಯ್ಯುವುದು ನನ್ನ ಪಾಲಿಗೆ ಬಂದಿತು. ಚಿಕ್ಕಪುಟ್ಟ ಮಣೆ, ಚೌಕಟ್ಟುಗಳನ್ನು ಮಾಡುವ ಹವ್ಯಾಸ ನನಗೆ ಮೊದಲಿನಿಂದಲೂ ಇದ್ದುದರಿಂದ ಈ ಏರ್ಪಾಡು ಅಸಹಜವೆನಿಸಲಿಲ್ಲ.

ಮೊದಲು ಲೆಕ್ಕ. ಒಂದು ಪುಸ್ತಕಕ್ಕೆ ಸರಾಸರಿ 2 ಸೆಂಟಿಮೀಟರ್ ದಪ್ಪವೆಂದು ಹಿಡಿದರೆ 1,400 ಪುಸ್ತಕಗಳಿಗೆ 28 ಮೀಟರ್ ಉದ್ದದ ಅರೆಗಳು ಬೇಕು. ಹಲಗೆ ನಡುವೆ ಬಾಗಬಾರದೆಂದರೆ ಅರೆಯ ಉದ್ದ 80 ಸೆಂಟಿಮೀಟರಿನ ಆಸುಪಾಸಿಗೆ ನಿಲ್ಲಬೇಕು. ಅಂದರೆ 35 ಅರೆಗಳು. ಐದೈದು ಅರೆಗಳ ಏಳು ಕಪಾಟುಗಳು. ಮೇಲು ಹಲಗೆಯೂ ಸೇರಿ ಕಪಾಟೊಂದಕ್ಕೆ ಆರು ಅಡ್ಡ ಹಲಗೆ, ಎರಡು ನಿಲುವು ಹಲಗೆ. ಒಟ್ಟು 56 ಹಲಗೆ, ಎರಡೆರಡು ತುದಿ, 112 ಕೊಯ್ತ. ಅಗಲದ ವಿಷಯದಲ್ಲಿ ಕನ್ನಡದ ಸಾಮಾನ್ಯ ಪುಸ್ತಕಗಳಿಗೆ ಎಂಟಿಂಚು ಧಾರಾಳ. ಆದರೆ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳೂ ತುಳು ನಿಘಂಟಿನ ಆರು ಸಂಪುಟಗಳೂ ಎಂಟಿಂಚಿನಲ್ಲಿ ನೆಮ್ಮದಿಯಾಗಿ ಕೂರುವ ಮೈಕಟ್ಟಿನವಲ್ಲ. ಅಟ್ಟದ ಹಲಗೆಗಳೂ ಕೀಸಿದ ಮೇಲೆ ಸರಿಯಾಗಿ 250 ಮಿಲಿಮೀಟರ್, ಅಂದರೆ ಹತ್ತಿಂಚಿಗೆ ಕೂದಲೆಳೆಯಷ್ಟು ಕಡಿಮೆ ಅಗಲವಿದ್ದವು. ಯಂತ್ರದ ಆಯ್ಕೆಯ ಮುಂದಿನ ಎಲ್ಲ ಮಾತೂ ಈ ಒಂದು ಸಂಖ್ಯೆಯಿಂದ ಹುಟ್ಟಿದ್ದು.

ಕೈಗರಗಸದಲ್ಲಿ ಒಂದು ತುದಿಯನ್ನು ನೇರವಾಗಿ ಕೊಯ್ದು, ಹತ್ತರಿಯಿಂದ ಕೀಸಿ ಚೊಕ್ಕ ಮಾಡಲು ನನಗೆ 20 ನಿಮಿಷ ಹಿಡಿಯಿತು. 112 ಕೊಯ್ತಕ್ಕೆ 37 ಗಂಟೆ. ಭುಜದ ಸಂಗತಿ ಬೇರೆ. ಮರದ ಮಿಲ್ಲಿನವರು ದಿಮ್ಮಿಯನ್ನು ಉದ್ದಕ್ಕೆ ಸೀಳಿಕೊಡುತ್ತಾರೆಯೇ ಹೊರತು ಮಿಲಿಮೀಟರಿನ ಅಳತೆಗೆ ಅಡ್ಡ ಕೊಯ್ದು ಕೊಡುವುದು ಅವರ ಕಸುಬಲ್ಲ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಎಲ್ಲಕ್ಕಿಂತ ಅಗ್ಗ. ನೇರವಾದ ಪಟ್ಟಿಯೊಂದನ್ನು ಬಿಗಿದು ಅದರ ಬದಿಗೆ ಓಡಿಸಿದರೆ ಕೊಯ್ತವೂ ಚೆನ್ನ. ವರ್ಷಕ್ಕೊಂದು ಬೆಂಚು, ಒಂದು ಕಪಾಟು ಮಾಡುವ ಮನೆಗೆ ಅದೇ ಸಾಕೆಂಬುದು ಈಗಲೂ ನನ್ನ ಅಭಿಪ್ರಾಯ. ಆದರೆ ಒಂದೇ ಉದ್ದದ 42 ಹಲಗೆಗಳು ಬೇಕಾದಾಗ ಪ್ರತಿಸಲ ಪಟ್ಟಿ ಬಿಗಿದು ಬಿಚ್ಚುವುದು ಬೇಸರ. ಮೈಟರ್ ಸಾದಲ್ಲಿ ಮರದ ತುಂಡೊಂದನ್ನು ತಡೆಯಾಗಿ ಬಿಗಿದುಬಿಟ್ಟರೆ ಹಲಗೆಯ ತುದಿಯನ್ನು ಅದಕ್ಕೆ ಮುಟ್ಟಿಸಿ ಕೊಯ್ಯುತ್ತ ಹೋಗುವುದಷ್ಟೇ ಕೆಲಸ. ಮೊದಲನೆಯದೂ ನಲವತ್ತೆರಡನೆಯದೂ ಒಂದೇ ಉದ್ದ.

ಯಂತ್ರ ಕಾಣದವರಿಗಾಗಿ ಒಂದು ಮಾತು. ಮೈಟರ್ ಸಾ ಎಂದರೆ ಪುಟ್ಟ ಮೇಜಿನ ಮೇಲೆ ಕುಳಿತ, ಹಿಡಿಕೆ ಒತ್ತಿದರೆ ಮೇಲಿನಿಂದ ಕೆಳಕ್ಕಿಳಿಯುವ ದುಂಡು ಗರಗಸ. ಮೇಜನ್ನು ಎಡಬಲಕ್ಕೆ ತಿರುಗಿಸಿದರೆ ಕೊಯ್ತದ ಕೋನ ಬದಲಾಗುತ್ತದೆ. ಪಟದ ಚೌಕಟ್ಟಿನ ಮೂಲೆ ಹಾಗೆ ಆಗುತ್ತದೆ. ತಲೆಯನ್ನೇ ವಾಲಿಸಿದರೆ ಹಲಗೆಯ ದಪ್ಪದಲ್ಲಿ ಓರೆ. ಸಾಧಾರಣ ಮೈಟರ್ ಸಾದ ಬಿಲ್ಲೆ ಹತ್ತಿಂಚಿನದಾದರೂ ಒಂದು ಇಳಿತಕ್ಕೆ ಕೊಯ್ಯುವುದು 13–15 ಸೆಂಟಿಮೀಟರ್ ಅಗಲವನ್ನಷ್ಟೇ, ಏಕೆಂದರೆ ದುಂಡು ಬಿಲ್ಲೆಯ ಕೆಳಗಿನ ಕಮಾನು ಮಾತ್ರ ಮರವನ್ನು ಮುಟ್ಟುತ್ತದೆ. ಹಲಗೆಯನ್ನು ಮಗುಚಿ ಇನ್ನೊಂದು ಬದಿಯಿಂದ ಕೊಯ್ಯಬಹುದು. ಆಗ ನಡುವೆ ಸಣ್ಣದೊಂದು ಮೆಟ್ಟಿಲು ಉಳಿಯುತ್ತದೆ. ಸ್ಲೈಡಿಂಗ್ ಎಂಬ ವಿಶೇಷಣ ಬಂದಾಗ ಅದೇ ತಲೆ ಉಕ್ಕಿನ ಎರಡು ಸರಳುಗಳ ಮೇಲೆ ಮುಂದಕ್ಕೂ ಹಿಂದಕ್ಕೂ ಜಾರುತ್ತದೆ, ಕೊಯ್ತದ ಅಗಲ 30 ಸೆಂಟಿಮೀಟರಿಗೆ ಏರುತ್ತದೆ. ನನ್ನ 250 ಮಿಲಿಮೀಟರಿಗೆ ಈ ಜಾರುವಿಕೆ ಅಲಂಕಾರವಾಗಿರಲಿಲ್ಲ, ಅಗತ್ಯವಾಗಿತ್ತು.

ಚೀಟಿಯಿಂದ ಬಂದ 30,000 ರೂಪಾಯಿ ಕೈಯಲ್ಲಿತ್ತು. ಬಿಲ್ಲೆ, ವಯರು, ಕನ್ನಡಕ, ಬಸ್ಸಿನ ಹಾದಿಯ ಖರ್ಚು ಎಲ್ಲವೂ ಅದರೊಳಗೇ ಆಗಬೇಕು. ಕಾಸರಗೋಡಿನ ಅಂಗಡಿಯಾತ ಮಲಯಾಳದಲ್ಲಿ ಯಂತ್ರದ ಗುಣಗಾನವನ್ನೆಲ್ಲ ನನ್ನ ಯಜಮಾನರಿಗೆ ಒಪ್ಪಿಸಿದ. ಎಲ್ಲ ಕೇಳಿಸಿಕೊಂಡು ಇವರು, "ಕೊಯ್ಯುವವಳು ಇವಳು, ನನಗೆ ಪೆನ್ಸಿಲ್ ಚೂಪು ಮಾಡಲೂ ಬಾರದು" ಎಂದರು. ಪಾಪ, ಆತ ಮೊದಲಿನಿಂದ ಪುನಃ ಆರಂಭಿಸಬೇಕಾಯಿತು. ಇವರ ನಗೆಯ ಹಿಂದೆ ಅಳುಕಿತ್ತೆಂದು ನನಗೆ ಗೊತ್ತು. ಇವರ ಸೋದರಮಾವ ಮರದ ಮಿಲ್ಲೊಂದರಲ್ಲಿ ಎಡಗೈಯ ಎರಡು ಬೆರಳುಗಳನ್ನು ಕಳೆದುಕೊಂಡವರು. ಊಟಕ್ಕೆ ಕುಳಿತಾಗ ಆ ಕೈಯನ್ನು ಮಡಿಲಲ್ಲಿ ಮರೆಸಿಡುತ್ತಿದ್ದುದನ್ನು ನಾನೂ ಕಂಡಿದ್ದೇನೆ. ಮನೆಗೆ ಮರಳುವಾಗ ಇವರು ಹೇಳಿದ್ದು ಇಷ್ಟು: "ಹಣದ ಚಿಂತೆಯಿಲ್ಲ. ಬೆರಳು ಹತ್ತಿದ್ದರೆ ಸಾಕು."

ಅಂಗಡಿಗಳಲ್ಲಿ ಬಿಲ್ಲೆಯ ವ್ಯಾಸದಿಂದಲೇ ಯಂತ್ರವನ್ನು ಕರೆಯುತ್ತಾರೆ: ಎಂಟೂವರೆ ಇಂಚು ಅಂದರೆ 216 ಮಿಲಿಮೀಟರ್, ಹತ್ತಿಂಚು ಅಂದರೆ 255, ಹನ್ನೆರಡಿಂಚು ಅಂದರೆ 305. ದೊಡ್ಡದೇ ಉತ್ತಮವೆಂಬ ಭಾವನೆ ಸಹಜ. ಆದರೆ ಬಿಲ್ಲೆ ದೊಡ್ಡದಾದಂತೆ ಹೆಚ್ಚುವುದು ಮುಖ್ಯವಾಗಿ ಕೊಯ್ಯಬಲ್ಲ ದಪ್ಪ. ಅಗಲವನ್ನು ಕೊಡುವುದು ಸರಳುಗಳ ಉದ್ದ. ನನ್ನ ಹಲಗೆ ಒಂದಿಂಚು ದಪ್ಪ. 216ರ ಯಂತ್ರ ಎರಡಿಂಚಿಗೂ ಹೆಚ್ಚು ದಪ್ಪವನ್ನು ಸಲೀಸಾಗಿ ಕೊಯ್ಯುತ್ತದೆ. ಚಿಕ್ಕ ಬಿಲ್ಲೆ ಓಲಾಡುವುದು ಕಡಿಮೆ, ಬದಲಿಸುವಾಗ ಬೆಲೆಯೂ ಕಡಿಮೆ. ಹನ್ನೆರಡಿಂಚಿನ ಯಂತ್ರವನ್ನು ದಿನವೂ ಒಳಗಿಂದ ಜಗಲಿಗೆ ಹೊತ್ತು ತರುವುದು 60 ದಾಟಿದ ಹೆಂಗಸಿಗೆ ಹೇಳಿದ ಕೆಲಸವಲ್ಲ. ಬಾಷ್, ಮಕಿತಾ, ಡಿವಾಲ್ಟ್‌ಗಳಂಥ ಹೆಸರಾಂತ ಕಂಪನಿಗಳ ಜಾರುವ ಯಂತ್ರಗಳು ನನ್ನ ಹಣಕ್ಕೆ ಸ್ವಲ್ಪ ಮೇಲೆಯೇ ನಿಂತವು. ಕೆಳಗಿನ ಸಾಲಿನಲ್ಲಿ ಹುಡುಕಬೇಕಾಯಿತು, ಮತ್ತು ಆ ಸಾಲಿನಲ್ಲಿ ಹುಡುಕುವವರು ಕಣ್ಣಿಗಿಂತ ಕೈಯನ್ನು ನಂಬಬೇಕು.

ತಲಪಾಡಿ ದಾಟಿ ಮಂಗಳೂರಿಗೆ ಹೋದಾಗ ಮೂರು ವಸ್ತುಗಳನ್ನು ಚೀಲದಲ್ಲಿ ಒಯ್ದಿದ್ದೆ: ಆಚಾರಿಯವರ ಮೂಲೆಮಟ್ಟ, ಒಂದು ಉಕ್ಕಿನ ಅಡಿಕೋಲು, ಹತ್ತಿಂಚು ಅಗಲದ ಹಲಸಿನ ತುಂಡು. ಪ್ಲಗ್ಗು ಹಾಕುವ ಮೊದಲೇ ತಲೆಯನ್ನು ಪೂರ್ತಿ ಮುಂದಕ್ಕೆಳೆದು ಹಿಡಿಕೆಯನ್ನು ಎಡಬಲಕ್ಕೆ ಮೆಲ್ಲನೆ ಅಲುಗಿಸಿ ನೋಡಿದೆ. ಅಗ್ಗದ ಯಂತ್ರ ತನ್ನ ಗುಟ್ಟು ಬಿಟ್ಟುಕೊಡುವುದು ಇಲ್ಲಿಯೇ. ಮೊದಲು ತೋರಿಸಿದ ಯಂತ್ರದ ತಲೆ ಹಾಲುಹಲ್ಲಿನಂತೆ ಆಡುತ್ತಿತ್ತು. ಬೆಲೆ ಎಲ್ಲಕ್ಕಿಂತ ಕಡಿಮೆ, ಕೆಂಪು ಗೆರೆ ಬೀಳಿಸುವ ಲೇಸರ್ ದೀಪ ಬೇರೆ. ಅಡಿಕೋಲನ್ನು ಹಿಂದಿನ ಆನಿಕೆಗೆ ಒತ್ತಿದಾಗ ನಡುವೆ ಬೆಳಕು ಕಂಡಿತು. ಆನಿಕೆಯೇ ಸೊಟ್ಟಗಿದ್ದರೆ ಲೇಸರ್ ಕಟ್ಟಿಕೊಂಡು ಮಾಡುವುದೇನು? ಅದನ್ನು ಬಿಟ್ಟೆ.

ಎರಡನೆಯ ಅಂಗಡಿಯಲ್ಲಿ ಹಲಗೆಯನ್ನು ಕೊಯ್ದು ತೋರಿಸಲು ಒಪ್ಪಿದರು. ನೇರ ಕೊಯ್ತದ ಪರೀಕ್ಷೆಗೆ ಮೂಲೆಮಟ್ಟಕ್ಕಿಂತಲೂ ನಿಷ್ಠುರವಾದ ವಿಧಾನ ಒಂದಿದೆ. ಹಲಗೆಯನ್ನು ನಡುವೆ ಕೊಯ್ದು, ಒಂದು ತುಂಡನ್ನು ಮಾತ್ರ ಮಗುಚಿ, ಎರಡರ ಕೊಯ್ದ ತುದಿಗಳನ್ನೂ ನೇರ ಅಂಚಿಗಾನಿಸಿ ಕೂಡಿಸಬೇಕು. ಕೋನದಲ್ಲಿ ತಪ್ಪಿದ್ದರೆ ಅದು ಇಮ್ಮಡಿಯಾಗಿ ಸಂದಿಯಾಗಿ ತೆರೆಯುತ್ತದೆ. ಅರ್ಧ ಡಿಗ್ರಿ ಎಂದರೆ ಅಲ್ಪವೆನಿಸೀತು. 250 ಮಿಲಿಮೀಟರ್ ಅಗಲದಲ್ಲಿ ಅದು 2 ಮಿಲಿಮೀಟರಿಗೂ ಹೆಚ್ಚಿನ ಓರೆ, ಮಗುಚಿದಾಗ 4 ಮಿಲಿಮೀಟರಿನ ಬಾಯಿ. ಮೊದಲ ಕೊಯ್ತದಲ್ಲಿ ಸಂದಿ ಕಂಡಿತು. ಅಂಗಡಿಯ ಹುಡುಗ ಆನಿಕೆಯ ತಿರುಪುಗಳನ್ನು ಸಡಿಲಿಸಿ, ಮೂಲೆಮಟ್ಟ ಹಿಡಿದು ಪುನಃ ಬಿಗಿದ. ಎರಡನೆಯ ಕೊಯ್ತದಲ್ಲಿ ಕೂದಲೂ ತೂರಲಿಲ್ಲ. ಸರಿಪಡಿಸಿದರೆ ಸರಿಯಾಗಿ ನಿಲ್ಲುವ ಯಂತ್ರ ಕೊಳ್ಳಲು ಯೋಗ್ಯ. ಹುಟ್ಟಿನಲ್ಲೇ ನಿಖರವಾಗಿರಬೇಕೆಂದು ಆ ಬೆಲೆಯಲ್ಲಿ ನಿರೀಕ್ಷಿಸಲಾಗದು. ಗುಂಡಿ ಬಿಟ್ಟೊಡನೆ ಬಿಲ್ಲೆಯನ್ನು ನಿಲ್ಲಿಸುವ ಬ್ರೇಕ್ ಇದೆಯೇ, ಮೋಟಾರಿನ ಕಾರ್ಬನ್ ಬ್ರಷ್ಷುಗಳು ಹೊರಗಿನಿಂದಲೇ ಬದಲಿಸುವಂತಿವೆಯೇ, ಅವು ಊರಿನಲ್ಲಿ ಸಿಗುತ್ತವೆಯೇ ಎಂದು ಕೇಳಿದೆ. ಮೂರಕ್ಕೂ ಹೌದೆಂಬ ಉತ್ತರ ಬಂತು. ತಲೆ ಎರಡೂ ಕಡೆಗೆ ವಾಲುವ ಮಾದರಿಗೆ ಬೆಲೆ ಏರುತ್ತದೆ. ಹಲಗೆಯನ್ನೇ ತಿರುಗಿಸಿ ಇಟ್ಟರೆ ಒಂದೇ ಕಡೆ ವಾಲುವುದೂ ಬಹುಪಾಲು ಅದೇ ಕೆಲಸ ಮಾಡುತ್ತದೆ. 23,500 ರೂಪಾಯಿಗೆ ಮುಗಿಯಿತು. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಗಡಿಯಲ್ಲಿ ತೆರಿಗೆಯ ತನಿಖೆಯವರಿಗೆ ಉತ್ತರ ಹೇಳುವ ಕಾಟವೂ ಇಲ್ಲ.

ಉಳಿದ ಹಣದಲ್ಲಿ ಮೊದಲು ಕೊಂಡದ್ದು ಬೇರೊಂದು ಬಿಲ್ಲೆ. ಯಂತ್ರದೊಂದಿಗೆ ಬರುವ ಬಿಲ್ಲೆಗೆ ಹಲ್ಲುಗಳು ಕಡಿಮೆ. ಅದು ಪಕ್ಕಾಸು, ರೀಪುಗಳನ್ನು ತುಂಡರಿಸಲು ಸರಿ. ಕಪಾಟಿನ ಹಲಗೆಯ ತುದಿ ನುಣುಪಾಗಿರಬೇಕಾದರೆ 60ರ ಸುಮಾರಿಗೆ ಹಲ್ಲುಗಳಿರಬೇಕು, ಜಾರುವ ಯಂತ್ರಕ್ಕಾದರೆ ಆ ಹಲ್ಲುಗಳು ಹಿಂದಕ್ಕೆ ಬಾಗಿರಬೇಕು. ಮುಂದಕ್ಕೆ ಬಾಗಿದ ಹಲ್ಲು ಮರವನ್ನು ಕಚ್ಚಿ ತಲೆಯನ್ನು ತನ್ನಷ್ಟಕ್ಕೆ ಎಳೆದುಕೊಳ್ಳಲು ನೋಡುತ್ತದೆ. ಹೊಸ ಬಿಲ್ಲೆಯ ಮೈಮೇಲೆ ಬರೆದಿರುವ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು, ನಡುವಿನ ತೂತಿನ ಅಳತೆಯೂ ಹೊಂದಬೇಕು. ಹಳೆಯ ಮರದ ಮೊಳೆಗಳನ್ನು ತೆಗೆಯಲು ಒಂದು ವಾರ ಹಿಡಿಯಿತು. ಮುರಿದು ಒಳಗೇ ಉಳಿದವನ್ನು ಅಯಸ್ಕಾಂತ ಆಡಿಸಿ ಹುಡುಕಿದೆವು. ಈ ಕೆಲಸವನ್ನು ಮೊಮ್ಮಗಳು ಶಾಲೆಗೆ ರಜೆಯಾದ್ದರಿಂದ ಮಹಾ ಉತ್ಸಾಹದಿಂದ ಮಾಡಿದಳು.

ಜಗಲಿಯಲ್ಲಿ 16 ಆಂಪಿಯರಿನ ಪಾಯಿಂಟು ಹಾಕಿಸಿದೆವು. ಸಣ್ಣ ವಯರಿನ ಉದ್ದ ಸುತ್ತಿನಿಂದ ಇಂಥ ಮೋಟಾರನ್ನು ಓಡಿಸಿದರೆ ವಯರು ಬಿಸಿಯಾಗುತ್ತದೆ, ಮೋಟಾರು ಸೊರಗುತ್ತದೆ. ಸಂಜೆ ಊರಿಗೆಲ್ಲ ದೀಪ ಹತ್ತಿ ವೋಲ್ಟೇಜು ಬಿದ್ದಾಗ ಕೊಯ್ಯುವುದಿಲ್ಲವೆಂಬ ನಿಯಮ ಮಾಡಿಕೊಂಡೆ. ಸರಳುಗಳು ಹಿಂದಕ್ಕೆ ಚಾಚುವುದರಿಂದ ಯಂತ್ರವನ್ನು ಗೋಡೆಗೆ ಒತ್ತಿ ಇಡಲಾಗದು. ಹೊರಗೆ ಇರುವ ಅಳತೆಗಿಂತ ಒಳಗೆ ಬೇಕಾಗುವ ಜಾಗ ಹೆಚ್ಚು.

ಬೆರಳುಗಳ ಮಾತಿಗೆ ಬರುತ್ತೇನೆ. ಅಗಲದ ಹಲಗೆಯನ್ನು ಕೊಯ್ಯುವ ಕ್ರಮ ಹೀಗೆ: ತಲೆಯನ್ನು ಮೇಲಿರುವಾಗಲೇ ತನ್ನ ಕಡೆಗೆ ಎಳೆದುಕೊಳ್ಳಬೇಕು, ಗುಂಡಿ ಒತ್ತಿ ಬಿಲ್ಲೆ ಪೂರ್ಣ ವೇಗ ಪಡೆದ ಮೇಲೆ ಕೆಳಗಿಳಿಸಬೇಕು, ಅನಂತರ ಹಿಂದಕ್ಕೆ ತಳ್ಳಬೇಕು. ತಳ್ಳುತ್ತ ಕೊಯ್ಯಬೇಕೇ ಹೊರತು ಎಳೆಯುತ್ತ ಕೊಯ್ಯಬಾರದು. ಎಳೆದರೆ ಬಿಲ್ಲೆ ಮರದ ಮೇಲೆ ಹತ್ತಿ ನಮ್ಮ ಕಡೆಗೇ ಬರುತ್ತದೆ. ಕೈಗರಗಸ ಹಿಡಿದು ಬೆಳೆದವರಿಗೆ ಎಳೆಯುವುದೇ ಸಹಜವೆನಿಸುವುದರಿಂದ ಮೊದಲ ದಿನ ಪ್ಲಗ್ಗು ಕಿತ್ತಿಟ್ಟು ಐವತ್ತು ಸಲ ಬರಿಯ ಕೈ ಅಭ್ಯಾಸ ಮಾಡಿದೆ. ಕೊಯ್ತ ಮುಗಿದ ಮೇಲೆ ಗುಂಡಿ ಬಿಟ್ಟು, ಬಿಲ್ಲೆ ನಿಂತ ಮೇಲಷ್ಟೇ ತಲೆ ಎತ್ತುವುದು. ಹಲಗೆಯನ್ನು ಹಿಡಿಯುವ ಕೈ ಬಿಲ್ಲೆಯಿಂದ ಗೇಣಿಗೆ ಹತ್ತಿರದ ದೂರದಲ್ಲಿರಬೇಕು. ಅಷ್ಟು ಜಾಗವಿಲ್ಲದ ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪಿನಿಂದ ಬಿಗಿಯಬೇಕು. ಕೈಗವಸು ಹಾಕಬಾರದು, ಬಿಲ್ಲೆ ಅದನ್ನು ಸೆಳೆದರೆ ಕೈಯೂ ಹಿಂದೆಯೇ ಹೋದೀತು. ಸೀರೆಯ ಸೆರಗಿಗೂ ಅದೇ ನ್ಯಾಯ. ಶಾಲೆಯಲ್ಲಿ ಒಂದು ದಿನವೂ ಸೀರೆಯಲ್ಲದೆ ಬೇರೆ ಉಡದ ನಾನು ಮಗನ ಹಳೆಯ ಅಂಗಿ, ಪ್ಯಾಂಟು ತೊಟ್ಟು ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕ್ ಹಾಕಿ ನಿಂತಾಗ ಹಾಲು ಕೊಡಲು ಬಂದ ಹುಡುಗ ಗುರುತು ಹಿಡಿಯದೆ "ಟೀಚರ್ ಇಲ್ಲವೇ?" ಎಂದು ಕೇಳಿದ. ಯಂತ್ರದ ಹಿಂದಿನ ಚೀಲ ಅರ್ಧದಷ್ಟು ಧೂಳನ್ನೂ ಹಿಡಿಯುವುದಿಲ್ಲ. ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದ್ದಾರೆಂದು ತಿಳಿದ ಮೇಲೆ ಮಾಸ್ಕನ್ನು ಹಾಸ್ಯ ಮಾಡಿದವರಿಗೆ ನಾನು ಉತ್ತರ ಕೊಡಲಿಲ್ಲ. ಇವರು ಮೊದಲ ಮೂರು ದಿನ ಬಾಗಿಲ ಬಳಿ ಕುರ್ಚಿ ಹಾಕಿ ಪೇಪರ್ ಹಿಡಿದು ಕುಳಿತರು. ಒಂದು ಪುಟವನ್ನೂ ಮಗುಚಲಿಲ್ಲ.

ಆಚಾರಿಯವರ ಅಳತೆ ಕೋಲು, ಅಂಗುಲಗಳದು. ಕೋಲಿಗೆ 24 ಅಂಗುಲ, ಅಂಗುಲಕ್ಕೆ 3 ಸೆಂಟಿಮೀಟರ್. ಯಂತ್ರದ್ದು ಮಿಲಿಮೀಟರ್, ಅಂಗಡಿಯವರದು ಇಂಚು. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಹಲವು ಭಾಷೆಗಳಿದ್ದವು, ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮೂರಿನ ಎರಡು ಭಾಷೆಯವರೂ ಸಮಾನರು. ಮೊದಲ ಕೊಯ್ತವನ್ನು ಆಚಾರಿಯವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ತುದಿಯ ಮೇಲೆ ಹೆಬ್ಬೆರಳಾಡಿಸಿ, "ಇದರ ದಾರಿಗೆ ಎಷ್ಟು ಮರ ಹೋಗುತ್ತದೆ?" ಎಂದು ಕೇಳಿದರು. ಅಳೆದೆವು, 2.6 ಮಿಲಿಮೀಟರ್, ಒಂದು ನೂಲಿಗೆ ತುಸು ಕಡಿಮೆ. ತಲೆದೂಗಿ, ಗೆರೆಯ ಯಾವ ಬದಿಗೆ ಬಿಲ್ಲೆ ಇಳಿಯಬೇಕೆಂದು ಪ್ರತಿ ಹಲಗೆಯಲ್ಲೂ ಸಣ್ಣ ಕಾಟು ಗುರುತು ಹಾಕಿಕೊಡತೊಡಗಿದರು.

ನಿಲುವು ಹಲಗೆಗಳಲ್ಲಿ ಅರೆ ಕೂರುವ ಚಡಿಗಳ ಸಂಗತಿ ಬಂದಾಗ ಅವರ ಬುದ್ಧಿ ನನಗೊದಗಿತು. ಬಿಲ್ಲೆ ಪೂರ್ತಿ ಇಳಿಯದಂತೆ ತಡೆಯುವ ತಿರುಪು ಯಂತ್ರದಲ್ಲಿದೆ. ಅದನ್ನು 8 ಮಿಲಿಮೀಟರಿಗೆ ನಿಲ್ಲಿಸಿ ತಳ್ಳುತ್ತ, ಪಕ್ಕಪಕ್ಕಕ್ಕೆ ಸರಿಸುತ್ತ ಕೊಯ್ದರೆ ಚಡಿ ಬೀಳುತ್ತದೆ. ಆದರೆ ಬಿಲ್ಲೆ ದುಂಡಗಿರುವುದರಿಂದ ಆನಿಕೆಯ ಬಳಿ ಚಡಿ ಆಳವಿಲ್ಲದೆ ಮೇಲಕ್ಕೇಳುತ್ತದೆ. "ಹಲಗೆಯನ್ನೇ ಮುಂದೆ ತನ್ನಿ" ಎಂದರು. ಆನಿಕೆಗೂ ಹಲಗೆಗೂ ನಡುವೆ ಒಂದಿಂಚಿನ ರೀಪು ಇಟ್ಟೆವು. 305 ಮಿಲಿಮೀಟರಿನ ಹಾದಿಯಲ್ಲಿ 25 ಕಳೆದರೂ 280 ಉಳಿಯಿತು. 250ರ ಹಲಗೆಯಲ್ಲಿ ಚಡಿ ತುದಿಯಿಂದ ತುದಿಗೆ ಸಮವಾಗಿ ಬಿದ್ದಿತು. ತಳವನ್ನು ಉಳಿಯಿಂದ ಚೊಕ್ಕ ಮಾಡುವಾಗ ಅವರ ಕೈ ನಡುಗಲಿಲ್ಲ. ಉಳಿಯ ಹಿಂಬದಿಯನ್ನು ಮರಕ್ಕೊತ್ತಿ ಹಿಡಿದಾಗ ಮರವೇ ಕೈಯನ್ನು ಹಿಡಿದುಕೊಳ್ಳುತ್ತದೆಂದು ಹೇಳಿದರು. ಎರಡನೆಯ ವಾರ ಒಂದು ಬೆಳಿಗ್ಗೆ, ಕೇಳದೆಯೇ ಯಂತ್ರದ ಮುಂದೆ ನಿಂತು ಹಿಡಿಕೆ ಹಿಡಿದರು. ಹಲಗೆಯನ್ನು ಕ್ಲಾಂಪು ಬಿಗಿದಿತ್ತು, ದಾರಿಯನ್ನು ಸರಳುಗಳು ಹಿಡಿದಿದ್ದವು. ನಡುಗುವ ಕೈ ಕೆಡಿಸಬಹುದಾದದ್ದು ಏನೂ ಉಳಿದಿರಲಿಲ್ಲ. ಆ ದಿನ ಒಂಬತ್ತು ಹಲಗೆಗಳನ್ನು ಅವರೇ ಕೊಯ್ದರು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಯಂತ್ರದ ಬೆಲೆ ಕೇಳಿದರು; ಹೇಳಿದೆ. ಮಗನ ಫೋನ್ ಬಂದಾಗ ಹೇಳಬೇಕು ಎಂದರು.

ಮಳೆಗೆ ಮೊದಲು ಐದು ಕಪಾಟುಗಳು ನಿಂತವು. ಸುಮಾರು 1,000 ಪುಸ್ತಕಗಳು ಗೋಣಿ ಬಿಟ್ಟು ಅರೆಯೇರಿವೆ, ನಿಘಂಟುಗಳು ನಡುವಿನ ಅರೆಯಲ್ಲಿ ನಿಂತಿವೆ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಚಾವಡಿ ತೆರೆದಿರುತ್ತದೆ. ಓದಲು ಬರುವವರು ಚಪ್ಪಲಿ ಕಳಚಿ ಬಂದರೆ ಸಾಕು. ಅಟ್ಟದ ಹಲಗೆ ಅಷ್ಟಕ್ಕೇ ಮುಗಿಯಿತು. ಉಳಿದೆರಡು ಕಪಾಟುಗಳಿಗಾಗಿ ಗಾಳಿಗೆ ಬಿದ್ದ ತೋಟದ ಹಲಸನ್ನು ಮಿಲ್ಲಿನಲ್ಲಿ ಸೀಳಿಸಿ, ನಡುನಡುವೆ ಅಡಿಕೆ ಸಲಾಕೆ ಇಟ್ಟು ಕೊಟ್ಟಿಗೆಯಲ್ಲಿ ಒಟ್ಟಿದ್ದೇವೆ. ಒಂದಿಂಚು ದಪ್ಪದ ಹಲಗೆ ಒಣಗಲು ಒಂದು ವರ್ಷವೆಂಬುದು ಆಚಾರಿಯವರ ಲೆಕ್ಕ. ಯಂತ್ರದ ಸರಳುಗಳಿಗೆ ಮೇಣ ತಿಕ್ಕಿ, ಬಿಲ್ಲೆಯನ್ನು ಕಳಚಿ ಸಾಣೆಗೆ ಕೊಟ್ಟು, ಮೇಲೆ ಹಳೆಯ ಹೊದಿಕೆ ಹಾಸಿದ್ದೇನೆ. ಮುಂದಿನ ತುಲಾಮಾಸದಲ್ಲಿ ಪುನಃ ಕೊಯ್ಯಬೇಕು.